ಹನ್ನೊಂದು ಸಾಲಿನ ಅರ್ಜಿ

ಮೊದಲೇ ಹೇಳಿಬಿಡುತ್ತೇನೆ, ನಾನು ಒಂದೇ ಸಲ ಕರೆದರೆ ಹೋಗುವ ಆಸಾಮಿಯಲ್ಲ. ಇದಕ್ಕೆ ನಾನು ಬಹಳ ವರ್ಷ ಸ್ವಾಭಿಮಾನ ಎನ್ನುತ್ತಿದ್ದೆ. ನನ್ನ ಹೆಂಡತಿ ಸಾವಿತ್ರಿ ಬೇರೆ ಹೆಸರಿಟ್ಟಿದ್ದಾಳೆ, ಅದನ್ನು ಇಲ್ಲಿ ಬರೆಯುವಂತಿಲ್ಲ. ಯಾರ ಮನೆಯಲ್ಲಾದರೂ ‘ಊಟಕ್ಕೆ ಏಳ್ರಿ’ ಎಂದರೆ ‘ಈಗಷ್ಟೇ ಆಗೈತೆ’ ಎನ್ನಬೇಕು, ಎರಡನೇ ಸಲಕ್ಕೆ ‘ಬ್ಯಾಡ್ರಿ’ ಎನ್ನಬೇಕು, ಮೂರನೇ ಸಲ ರಟ್ಟೆ ಹಿಡಿದು ಎಳೆದಾಗ ‘ನಿಮ್ಮ ಬಲವಂತಕ್ಕೆ’ ಎನ್ನುತ್ತ ಎಲೆ ಮುಂದೆ ಕೂರಬೇಕು. ಹೊಟ್ಟೆ ಎಷ್ಟೇ ಚುರುಗುಟ್ಟುತ್ತಿದ್ದರೂ ಈ ಕ್ರಮ ತಪ್ಪಬಾರದು. ಸಂತೇಬೆನ್ನೂರಿನ ನೆಂಟರೊಬ್ಬರು ಮಗಳ ಮದುವೆ ಪತ್ರಿಕೆಯನ್ನು ಮನೆಗೆ ತಂದುಕೊಡದೆ, ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಸಾವಿತ್ರಿಯ ಕೈಗಿಟ್ಟು ‘ಎಲ್ರೂ ಬರ್ರಿ’ ಎಂದು ಬಸ್ ಹತ್ತಿಬಿಟ್ಟಿದ್ದರು. ನಾನು ಹೋಗಲಿಲ್ಲ. ಅವರು ಫೋನು ಮಾಡಿ ಇನ್ನೊಂದು ಸಲ ಕರೆದಾರೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಹೂರ್ತ ಮುಗಿಯುವವರೆಗೂ ಮನೆಯಲ್ಲೇ ಕೂತಿದ್ದು, ಆಮೇಲೆ ಅದೇ ಅಂಗಿಯಲ್ಲಿ ಚಿತ್ರಾನ್ನ ತಿಂದೆ. ಈ ಗುಣ ಮದುವೆಮನೆಗಳ ಮಟ್ಟದಲ್ಲೇ ನಿಂತಿದ್ದರೆ ನಷ್ಟ ಒಂದು ಹೋಳಿಗೆ ಊಟದ್ದು ಮಾತ್ರ. ಆದರೆ ನಾನು ಅದನ್ನು ಕಂಪ್ಯೂಟರಿನೊಳಕ್ಕೂ ಕೊಂಡೊಯ್ದೆ. ಅದರಿಂದ ಆದದ್ದನ್ನು ಯಾರಿಗಾದರೂ ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ.

ನಾನು ಹೊನ್ನಾಳಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ಕೆಲಸದಲ್ಲಿ ಮುಕ್ಕಾಲು ಪಾಲು ಧೂಳು ಒರೆಸುವುದು, ಉಳಿದ ಕಾಲು ಪಾಲು ‘ಸರ್, ಇದು ಆನ್ ಆಗ್ತಿಲ್ಲ’ ಎಂದವರಿಗೆ ಸ್ವಿಚ್ಚು ತೋರಿಸುವುದು. ಅಲ್ಲಿನ ಯಂತ್ರಗಳೆಲ್ಲ ಹಳೆಯವು. ಅವುಗಳಿಗೆ ನಾನು ಹಾಕಿರುವುದು ಯಾರು ಬೇಕಾದರೂ ಬಳಸಬಹುದಾದ, ಯಾರು ಬೇಕಾದರೂ ತೆರೆದು ತಿದ್ದಬಹುದಾದ ಮುಕ್ತ ಆಪರೇಟಿಂಗ್ ಸಿಸ್ಟಂ. ಲೋಕದ ಮೂಲೆಮೂಲೆಯ ಜನ, ಒಬ್ಬರ ಮುಖ ಒಬ್ಬರು ನೋಡದೆ, ಮೇಲ್‌ಗಳಲ್ಲೇ ಜಗಳವಾಡಿಕೊಂಡು ಅದನ್ನು ಕಟ್ಟುತ್ತಾರೆ. ನನಗೂ ಅದರೊಳಗೆ ನನ್ನದೊಂದು ಸಾಲು ಇರಬೇಕೆಂಬ ಚಪಲ ಇಪ್ಪತ್ತು ವರ್ಷದಿಂದ ಇತ್ತು. ಕಾರಣ ಸಿಕ್ಕಿರಲಿಲ್ಲ. ಕಾರಣ ಒದಗಿಸಿದವರು ಸಾವಿತ್ರಿಯ ಅಣ್ಣ, ಜಗಳೂರಿನ ತಿಪ್ಪೇಸ್ವಾಮಿ ಭಾವ.

ಭಾವ ಅರ್ಜಿ ಬರೆಯುವವರು. ತಾಲ್ಲೂಕು ಕಚೇರಿಯ ಎದುರು ಬೇವಿನ ಮರದ ಕೆಳಗೆ ಒಂದು ಮೇಜು, ಎರಡು ಕುರ್ಚಿ. ಮೊದಲು ಟೈಪ್‌ರೈಟರ್ ಇತ್ತು, ಆಮೇಲೆ ಅದೇ ಮುಕ್ತ ಸಿಸ್ಟಂ ಹಾಕಿ ನಾನೇ ಒದಗಿಸಿದ ಲ್ಯಾಪ್‌ಟಾಪ್ ಬಂತು. ಪಹಣಿಯಲ್ಲಿ ಹೆಸರು ತಪ್ಪಾದವರು, ಪಿಂಚಣಿ ನಿಂತವರು, ಬದುಕಿರುವಾಗಲೇ ಕಚೇರಿಯ ಪುಸ್ತಕದಲ್ಲಿ ಸತ್ತವರು, ಎಲ್ಲರೂ ಆ ಎದುರು ಕುರ್ಚಿಯಲ್ಲಿ ಕೂತು ಅತ್ತಿದ್ದಾರೆ. ಭಾವ ಅಳು ಮುಗಿಯುವವರೆಗೆ ಕಾದು, ಆಮೇಲೆ ‘ಮಾನ್ಯರೇ’ ಎಂದು ಶುರು ಮಾಡುತ್ತಿದ್ದರು. ಸಾವಿರಾರು ಅರ್ಜಿ ಬರೆದ ಆ ಮನುಷ್ಯನ ಹೆಸರು ಒಂದರಲ್ಲೂ ಇಲ್ಲ. ಸಹಿ ಯಾವಾಗಲೂ ಬೇರೆಯವರದು. ಹೀಗಿರುವಾಗ ಅವರಿಗೆ ಕೈನಡುಕದ ಕಾಯಿಲೆ ಬಂತು. ನಡುಗುವ ಕೈಗೆಂದೇ ಮಾಡಿದ ದೊಡ್ಡ ಗುಂಡಿಗಳ ಕೀಬೋರ್ಡೊಂದನ್ನು ತರಿಸಿದೆವು. ಅದು ನಮ್ಮ ಸಿಸ್ಟಂ ಜತೆ ಸರಿಯಾಗಿ ಹೊಂದಲಿಲ್ಲ. ಭಾವ ಒಂದು ಸಲ ಒತ್ತಿದ್ದನ್ನು ಎರಡು ಸಲ ಎಂದು ವರದಿ ಮಾಡುತ್ತಿತ್ತು. ‘ಮಾನ್ಯರೇ’ ಎಂದು ಹೊಡೆದರೆ ‘ಮಮಾನ್ಯರರೇ’ ಎಂದು ಬೀಳುತ್ತಿತ್ತು. ತಾಲ್ಲೂಕು ಕಚೇರಿಯಲ್ಲಿ ಯಾರೋ ಅದನ್ನು ಓದಿ ಜೋರಾಗಿ ನಕ್ಕರಂತೆ. ಅಂದಿನಿಂದ ಭಾವ ಮೇಜಿಗೆ ಹೋಗುವುದನ್ನೇ ನಿಲ್ಲಿಸಿದರು. ‘ನೀವು ಬಾಯಲ್ಲಿ ಹೇಳಿ, ಯಾರಾದರೂ ಬರೆದುಕೊಳ್ಳಲಿ’ ಎಂದು ನಾನು ಉಪಾಯ ಹೇಳಿದೆ. ‘ಬಾಯಾಗೆ ಹೇಳಿದ್ರೆ ಅದು ಅರ್ಜಿ ಆಗಲ್ಲ ಮೇಷ್ಟ್ರೆ, ಗೋಳು ಆಗ್ತೈತೆ. ಅದನ್ನ ಹೇಳಾಕೆ ಅವರೇ ಬರ್ತಾರಲ್ಲ’ ಎಂದರು. ನಾನು ಮೇಷ್ಟ್ರಲ್ಲ ಎಂದು ಎಷ್ಟು ಸಲ ಹೇಳಿದರೂ ಅವರು ಕೇಳಿದವರಲ್ಲ.

ಒಂದು ಭಾನುವಾರ ಜಗಳೂರಿನಲ್ಲಿ ಅವರ ಪಕ್ಕ ಕೂತು ಸಿಸ್ಟಂನ ಆ ಭಾಗ ತೆರೆದೆ. ಒಂದೇ ಗುಂಡಿ ಬಹಳ ಬೇಗ ಎರಡನೇ ಸಲ ಒತ್ತಿದಂತೆ ಬಂದರೆ ಅದನ್ನು ಗಣಿಸಬೇಡ ಎಂದು ಹೇಳುವ ಹನ್ನೊಂದು ಸಾಲು ಬರೆದೆ. ಎಷ್ಟು ಬೇಗ ಎಂಬುದಕ್ಕೊಂದು ಸಂಖ್ಯೆ ಬೇಕು. ಸೆಕೆಂಡನ್ನು ಸಾವಿರ ಪಾಲು ಮಾಡಿ, ಇಪ್ಪತ್ತು ಪಾಲು ಇಟ್ಟು ನೋಡಿದೆ, ಮೂವತ್ತು, ನಲವತ್ತು ಇಟ್ಟು ನೋಡಿದೆ. ಪ್ರತಿ ಸಲವೂ ಭಾವ ಶ್ರದ್ಧೆಯಿಂದ ‘ಮಾನ್ಯರೇ’ ಎಂದು ಹೊಡೆಯುತ್ತಿದ್ದರು, ಪ್ರತಿ ಸಲವೂ ಮಾನ್ಯರು ತೊದಲುತ್ತಿದ್ದರು. ಅರವತ್ತಕ್ಕೆ ಬೇಕೆಂದೇ ಒತ್ತಿದ ಅಕ್ಷರವೂ ಮಾಯವಾಯಿತು. ಐವತ್ತಕ್ಕೆ ತಂದಾಗ ಪರದೆಯ ಮೇಲೆ ‘ಮಾನ್ಯರೇ’ ಅಚ್ಚುಕಟ್ಟಾಗಿ ಮೂಡಿತು. ಭಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ‘ಇದು ನನ್ನ ಕೈಯೇನ್ರಿ?’ ಎಂದರು. ಮರುದಿನವೇ ಮೇಜಿಗೆ ಹೋದರಂತೆ.

ಆದರೆ ಒಂದು ತೊಡಕು. ಸಿಸ್ಟಂಗೆ ಅಪ್‌ಡೇಟ್ ಬಂದಾಗಲೆಲ್ಲ ನನ್ನ ಹನ್ನೊಂದು ಸಾಲು ತೊಳೆದುಹೋಗುತ್ತಿತ್ತು. ಅಪ್‌ಡೇಟ್ ನಿಲ್ಲಿಸಿದರೆ ಕಚೇರಿಯ ವೆಬ್‌ಸೈಟ್ ತೆರೆಯುತ್ತಿರಲಿಲ್ಲ. ಪ್ರತಿ ಸಲ ಹೊನ್ನಾಳಿಯಿಂದ ದಾವಣಗೆರೆಗೆ ಒಂದು ಬಸ್ಸು, ಅಲ್ಲಿಂದ ಜಗಳೂರಿಗೆ ಇನ್ನೊಂದು ಬಸ್ಸು ಹಿಡಿದು ಹೋಗಿ ಆ ಸಾಲುಗಳನ್ನು ಮತ್ತೆ ಹಾಕಬೇಕು. ಶಾಶ್ವತ ಪರಿಹಾರ ಒಂದೇ. ಆ ಸಾಲುಗಳು ಮೂಲ ಸಿಸ್ಟಂನಲ್ಲೇ ಸೇರಬೇಕು. ಅದಕ್ಕೊಂದು ಪದ್ಧತಿ ಇದೆ. ಬರೆದ ಸಾಲುಗಳ, ಅಂದರೆ ಕೋಡಿನ, ಮೇಲೆ ಒಕ್ಕಣೆ ಬರೆಯಬೇಕು. ಏನು ತೊಂದರೆ, ಯಾರಿಗೆ, ಈ ಪರಿಹಾರವೇ ಏಕೆ ಎಂದು ವಿವರಿಸಬೇಕು. ಕೆಳಗೆ ಸಹಿ, ಅದರ ಜತೆಗೆ ‘ದೂರು ತಂದವರು’, ‘ಪರೀಕ್ಷಿಸಿ ನೋಡಿದವರು’ ಎಂದು ಒಂದೊಂದು ಸಾಲು. ಎಲ್ಲವನ್ನೂ ಸಿಸ್ಟಂ ಕಟ್ಟುವವರೆಲ್ಲ ಓದುವ ಮೇಲ್ ಪಟ್ಟಿಗೆ ಕಳಿಸಬೇಕು. ಆ ಭಾಗದ ಉಸ್ತುವಾರಿಯವನು ಓದಿ ತಪ್ಪು ಹೇಳುತ್ತಾನೆ. ತಿದ್ದಿ ಎರಡನೇ ಸಲ ಕಳಿಸಬೇಕು, ಬೇಕಾದರೆ ಮೂರನೇ ಸಲ. ಇದನ್ನೆಲ್ಲ ನಾನು ಭಾವನಿಗೆ ವಿವರಿಸುವಾಗ ಅವರು ನನ್ನನ್ನು ಕನಿಕರದಿಂದ ನೋಡುತ್ತಿದ್ದರು. ‘ಇದರಾಗೆ ಹೊಸದೇನೈತೆ? ಇದು ಅರ್ಜಿ ಕಣ್ರಿ’ ಎಂದರು. ಕೀಬೋರ್ಡಿನ ವಿಷಯದ ಜತೆಗೆ ಅದೇ ಕಡತದಲ್ಲಿ ಕಂಡ ಇನ್ನೊಂದು ಓರೆಕೋರೆಯನ್ನೂ ತಿದ್ದಿ ಕಳಿಸುತ್ತೇನೆ ಎಂದಾಗ ತಲೆಯಾಡಿಸಿದರು. ‘ಒಂದು ಅರ್ಜಿಗೆ ಒಂದೇ ಗೋಳು. ಪಹಣಿ ಕೇಳಾಕೆ ಹೋಗಿ ಬೀದಿದೀಪದ ಮಾತು ತೆಗೆದ್ರೆ ಎರಡೂ ಆಗಲ್ಲ.’ ಆಮೇಲೆ ನೋಡಿದರೆ ಆ ಪದ್ಧತಿಯ ಕೈಪಿಡಿಯಲ್ಲೂ ಅದನ್ನೇ ಬರೆದಿತ್ತು, ಭಾವನಷ್ಟು ಚೆನ್ನಾಗಿ ಅಲ್ಲ. ದೂರು ತಂದವರು, ಪರೀಕ್ಷಿಸಿದವರು, ಎರಡೂ ಕಡೆ ಅವರ ಹೆಸರನ್ನೇ ಹಾಕಿ ಕಳಿಸಿದೆ.

ಮೂರನೇ ದಿನ ಉತ್ತರ ಬಂತು. ನಮಸ್ಕಾರವಿಲ್ಲ, ಕ್ಷೇಮ ಸಮಾಚಾರವಿಲ್ಲ. ನನ್ನ ಸಾಲಿನ ಕೆಳಗೆ ಒಂದೇ ಮಾತು: ‘ಐವತ್ತು ಏಕೆ?’

ನನಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತು ವರ್ಷ ಲ್ಯಾಬ್ ನಡೆಸಿದವನನ್ನು ಹೀಗಾ ಕೇಳುವುದು? ಧನ್ಯವಾದ ಹೇಳಿ, ಆಮೇಲೆ ಕೇಳಬಹುದಿತ್ತು. ಇನ್ನೊಂದು ಸಲ, ಸ್ವಲ್ಪ ಮರ್ಯಾದೆಯಿಂದ ಕೇಳಲಿ, ಆಗ ಹೇಳೋಣ ಎಂದು ಸುಮ್ಮನೆ ಕೂತೆ. ನನ್ನ ಪ್ರಕಾರ ಅದು ಮೊದಲ ಕರೆ. ಅವರ ಪದ್ಧತಿಯ ಪ್ರಕಾರ ಇನ್ನು ಕರೆಯೇ ಇಲ್ಲ, ಉತ್ತರ ಕೊಡಬೇಕಾದವನು ನಾನು. ಮುಂದಿನ ಸಲ ಜಗಳೂರಿಗೆ ಹೋದಾಗ ಭಾವನಿಗೆ ದೂರಿದೆ. ಅವರಿಗೆ ಖುಷಿಯೇ ಆಯಿತು. ‘ಕೇಳಿದ್ನಾ? ಹಂಗಾದ್ರೆ ಓದಿದಾನೆ. ಓದದೇ ಇರೋರು ಏನೂ ಕೇಳಲ್ಲ ಮೇಷ್ಟ್ರೆ. ಆಕ್ಷೇಪಣೆ ಬಿದ್ದ ಅರ್ಜಿ ಜೀವಂತ ಐತೆ ಅಂತ ಲೆಕ್ಕ. ಇವತ್ತೇ ಉತ್ತರ ಬರೀರಿ’ ಎಂದರು. ಬರೆಯುತ್ತೇನೆ ಎಂದು ಬಂದೆ. ಬರೆಯಲಿಲ್ಲ. ಬರೆಯಬೇಕಾಗಿದ್ದದ್ದಾದರೂ ಏನು? ‘ಐವತ್ತಕ್ಕೆ ನಮ್ಮ ಭಾವನ ಕೈ ನಿಂತಿತು’ ಎಂಬ ಒಂದು ವಾಕ್ಯ.

ಮುಂದಿನ ಅಪ್‌ಡೇಟ್ ಬಂದಾಗ ಕಾಲೇಜಿನಲ್ಲಿ ಪರೀಕ್ಷೆ, ನನಗೆ ಹೋಗಲಾಗಲಿಲ್ಲ. ಆಮೇಲೆ ನ್ಯಾಮತಿಯ ಕಾಲೇಜಿನಲ್ಲಿ ಹೆಚ್ಚುವರಿ ಕೆಲಸ, ಆಗಲೂ ಹೋಗಲಿಲ್ಲ. ಕೀಬೋರ್ಡು ಮತ್ತೆ ತೊದಲಿತು, ಭಾವ ಮತ್ತೆ ಮೇಜು ಬಿಟ್ಟರು. ವಾರಕ್ಕೊಂದು ಸಲ ಫೋನಿನಲ್ಲಿ ‘ನಮ್ಮ ಅರ್ಜಿ ಏನಾತ್ರಿ?’ ಎಂದು ಕೇಳುತ್ತಿದ್ದರು. ‘ಉತ್ತರ ಕಳಿಸಿದೀನಿ ಭಾವ, ಅವರ ಕಡೆಯಿಂದಲೇ ತಡ’ ಎಂದು ನಾನು ಸಲೀಸಾಗಿ ಹೇಳುತ್ತಿದ್ದೆ. ‘ಪಾಪ, ಅವರಿಗೂ ಫೈಲು ಜಾಸ್ತಿ ಇರ್ತಾವೆ’ ಎನ್ನುತ್ತಿದ್ದರು. ಹೆಸರು ಬಿಟ್ಟರೆ ಏನೂ ಗೊತ್ತಿಲ್ಲದ ಯಾವುದೋ ದೇಶದ ಮನುಷ್ಯನ ಮೇಲೆ ನಾನು ಹೀಗೆ ಐದು ತಿಂಗಳು ಸುಳ್ಳು ದೂರು ಹೇಳಿದೆ. ಐದನೇ ತಿಂಗಳು ಭಾವನ ಎದೆಯಲ್ಲಿ ಕಫ ಕಟ್ಟಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ತೀರಿಕೊಂಡರು.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಭಾವನ ಮನೆಯವರು ಲ್ಯಾಪ್‌ಟಾಪನ್ನು ಸಾವಿತ್ರಿಯ ಕೈಗೆ ಕೊಟ್ಟರು. ಮನೆಗೆ ತಂದು ತೆರೆದೆವು. ‘ಆಕ್ಷೇಪಣೆಗೆ ಉತ್ತರ’ ಎಂಬ ಕಡತವೊಂದಿತ್ತು. ಆ ತೊದಲುವ ಕೀಬೋರ್ಡಿನಲ್ಲೇ, ಅಕ್ಷರಕ್ಕೆರಡು ಅಕ್ಷರ ಬಿದ್ದ ನಾಲ್ಕು ಸಾಲು. ಸಾವಿತ್ರಿ ಹೆಚ್ಚಿಗೆ ಬಿದ್ದ ಅಕ್ಷರಗಳನ್ನು ಬಿಟ್ಟುಬಿಟ್ಟು ಓದಿದಳು: ‘ಮಾನ್ಯರೇ, ಐವತ್ತು ಏಕೆ ಎಂದು ಕೇಳಿದ್ದೀರಿ. ನಲವತ್ತಕ್ಕೆ ನನ್ನ ಕೈ ನಿಲ್ಲಲಿಲ್ಲ. ಅರವತ್ತಕ್ಕೆ ಬೇಕಾದ ಅಕ್ಷರವೂ ಹೋಗುತ್ತಿತ್ತು. ಉತ್ತರ ತಡವಾದುದಕ್ಕೆ ಕ್ಷಮಿಸಬೇಕು, ಬರೆದು ಕಳಿಸುವವರಿಗೆ ಬಿಡುವಿರಲಿಲ್ಲ.’

ಮೇಲಿನವರದೇ ತಡ ಎಂಬ ಮಾತನ್ನು ಗುಮಾಸ್ತರ ಬಾಯಲ್ಲಿ ನಲವತ್ತು ವರ್ಷ ಕೇಳಿದ ಮನುಷ್ಯ. ನನ್ನ ಸುಳ್ಳು ಅವರಿಗೆ ಮೊದಲನೇ ವಾರವೇ ತಿಳಿದಿರಬೇಕು. ತಿಳಿದೂ ನನ್ನ ಮಾನ ಉಳಿಸುವ ಹಾಗೆ ಒಕ್ಕಣೆ ಹಾಕಿದ್ದರು. ‘ನಿಮಗೆ ಬಿಡುವಿರಲಿಲ್ಲವಾ?’ ಎಂದು ಸಾವಿತ್ರಿ ಕೇಳಿದಳು. ಆ ಪ್ರಶ್ನೆಯನ್ನೂ ಅವಳು ಎರಡನೇ ಸಲ ಕೇಳಲಿಲ್ಲ. ನಾನು ಅಂದು ಊಟ ಮಾಡಲಿಲ್ಲ. ಯಾರೂ ಬಲವಂತ ಮಾಡಲಿಲ್ಲ.

ಭಾವನ ನಾಲ್ಕು ಸಾಲನ್ನು ಇಂಗ್ಲಿಷಿಗೆ ತಂದು ಕಳಿಸಿದೆ. ಮರುದಿನವೇ ಉಸ್ತುವಾರಿಯವನ ಉತ್ತರ. ‘ಒಳ್ಳೆಯ ವಿವರಣೆ. ಆದರೆ ಎಲ್ಲರ ಕೈ ಒಂದೇ ರೀತಿ ಇರುವುದಿಲ್ಲ. ಬೇಕಾದವರು ಸಂಖ್ಯೆ ಬದಲಿಸಿಕೊಳ್ಳುವಂತೆ ಮಾಡಿ, ಬದಲಿಸದಿದ್ದವರಿಗೆ ಐವತ್ತೇ ಇರಲಿ’ ಎಂದಿದ್ದ. ಮಾಡಿ ಕಳಿಸಿದೆ, ಅದೇ ದಿನ. ಆಗ ಇನ್ನೊಂದು ನಿಯಮ ಎದುರಾಯಿತು. ಕೋಡು ಬದಲಾದ್ದರಿಂದ ‘ಪರೀಕ್ಷಿಸಿ ನೋಡಿದವರು’ ಎಂಬ ಹಳೆಯ ಸಾಲು ನಡೆಯುವುದಿಲ್ಲ, ಅವರು ಇನ್ನೊಮ್ಮೆ ಪರೀಕ್ಷಿಸಬಲ್ಲರೇ ಎಂದು ಕೇಳಿದ. ಸತ್ತರು ಎಂದು ಬರೆಯಲು ಕೈ ಬರಲಿಲ್ಲ, ‘ಅವರು ಈಗ ಲಭ್ಯರಿಲ್ಲ’ ಎಂದು ಬರೆದೆ. ‘ಅವಸರವೇನಿಲ್ಲ. ಅವರಿಗೆ ಬಿಡುವಾದಾಗ ನೋಡಲಿ, ಕಾಯುತ್ತೇವೆ’ ಎಂದು ಉತ್ತರ ಬಂತು. ದುರಹಂಕಾರಿ ಎಂದು ನಾನು ತಿಳಿದಿದ್ದ ಮನುಷ್ಯ ಹೀಗೆ ಬರೆದಿದ್ದ. ಲ್ಯಾಬಿನಲ್ಲಿ ಮಕ್ಕಳ ಎದುರೇ ನನಗೆ ಅಳು ಬಂತು. ಧೂಳು ಎಂದೆ. ದಿನಾ ಒರೆಸುವವನು ನಾನೇ ಆದ್ದರಿಂದ ಯಾರೂ ನಂಬಲಿಲ್ಲ.

ಕೊನೆಗೆ ನಿಜ ಬರೆದೆ. ಪರೀಕ್ಷಿಸಿದವರ ಸಾಲು ತೆಗೆದೆವು, ದೂರು ತಂದವರ ಸಾಲು ಉಳಿಯಿತು, ಕೋಡು ಮೂಲ ಸಿಸ್ಟಂಗೆ ಸೇರಿತು. ಊರವರ ಗೋಳನ್ನೆಲ್ಲ ಬರೆದು ಒಂದಕ್ಕೂ ಹೆಸರು ಹಾಕದ ಮನುಷ್ಯನ ಹೆಸರು ಅವರದೇ ಅರ್ಜಿಯ ಕೆಳಗೆ ಈಗ ಇದೆ. ಅದನ್ನು ಇನ್ನು ಯಾವ ಅಪ್‌ಡೇಟೂ ತೊಳೆಯುವುದಿಲ್ಲ. ಅದರ ಕೆಳಗೆ ನನ್ನ ಸಹಿ. ಸಾವಿತ್ರಿ ಅಣ್ಣನ ಹೆಸರನ್ನು ಬೆರಳಲ್ಲಿ ಮುಟ್ಟಿ ನೋಡಿ, ‘ತಡ ಮಾಡಿದವರು ಅಂತ ಒಂದು ಸಾಲು ಇಲ್ಲೇನ್ರಿ?’ ಎಂದಳು. ಇಲ್ಲ. ಆದರೆ ಅವನ ಪ್ರಶ್ನೆ ಬಂದ ತಾರೀಖೂ ನನ್ನ ಉತ್ತರ ಹೋದ ತಾರೀಖೂ ಆ ಮೇಲ್ ಪಟ್ಟಿಯಲ್ಲೇ ಇವೆ, ಲೋಕದಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು. ಮುಕ್ತ ಎಂದರೆ ಇದೂ ಸೇರಿ ಎಂದು ನನಗೆ ಗೊತ್ತಿರಲಿಲ್ಲ.

ಮೊನ್ನೆ ಸಂತೇಬೆನ್ನೂರಿನ ಅದೇ ನೆಂಟರು ಹೊಸಮನೆ ಗೃಹಪ್ರವೇಶಕ್ಕೆ ಕರೆದರು. ಪತ್ರಿಕೆಯಿಲ್ಲ, ಬಸ್‌ಸ್ಟ್ಯಾಂಡೂ ಇಲ್ಲ, ಫೋನಿನಲ್ಲಿ ಅರ್ಧ ನಿಮಿಷ. ಬೆಳಗಿನ ಮೊದಲ ಬಸ್ಸಿಗೆ ಹೋದೆ. ಪುರೋಹಿತರು ಬಂದಿರಲಿಲ್ಲ, ಶಾಮಿಯಾನದವರು ಇನ್ನೂ ಗೂಟ ಹೊಡೆಯುತ್ತಿದ್ದರು. ಒಟ್ಟಿದ್ದ ಕುರ್ಚಿಗಳಲ್ಲಿ ಒಂದನ್ನು ನಾನೇ ಎಳೆದುಕೊಂಡು ಕೂತೆ. ಮನೆಯ ಯಜಮಾನರು ಹಲ್ಲುಜ್ಜುತ್ತಾ ಹೊರಗೆ ಬಂದವರು ನನ್ನನ್ನು ಕಂಡು ಗಾಬರಿಯಾದರು. ‘ಏನ್ರಿ ಇದು, ನೀವು ಬರೋರಲ್ಲ ಅಂದ್ಕೊಂಡಿದ್ವಿ!’

‘ಕರೆದಿದ್ರಲ್ಲ’ ಎಂದೆ.