ತೆಂಗಿನಕಾಯಿ ಆರಿಸಿದ ಎಂಜಿನ್

ಮರಳಿ ಊರಿನ ದ್ಯಾಮಣ್ಣ ತನ್ನ ಮೀಸೆಯನ್ನು ಒಂದು ಹಳೇ ಜೀಪಿನ ಮೇಲೆ ಪಣಕ್ಕಿಟ್ಟಿದ್ದ ಅಂದರೆ ನೀವು ನಂಬಲೇಬೇಕು. ಆ ಮಾತು ಆಡಿದ್ದು ಕುಷ್ಟಗಿಯ ಬೀಗರ ಪಡಸಾಲೆಯಲ್ಲಿ, ಬಸುರಿ ಮಗಳು ಸಹನಾಳ ಕುಬಸದ ದಿನ, ಐದನೇ ಹೋಳಿಗೆ ಮುಗಿದ ಮೇಲೆ.

"ಚೊಚ್ಚಲ ಹೆರಿಗಿಗೆ ನನ್ನ ಮಗಳು ನನ್ನ ಜೀಪಿನ್ಯಾಗ ತವರಿಗೆ ಬರ್ತಾಳ್ರಿ ಬೀಗರ. ಮುಂದಿನ ತಿಂಗಳ ಮೊದಲನೇ ಗುರುವಾರ. ಬಾಡಿಗಿ ಗಾಡಿ ತಂದ್ರ ಈ ಮೀಸಿ ಇರಂಗಿಲ್ಲ."

ಬೀಗ ಹನಮಪ್ಪ ಮೀಸೆಯನ್ನೊಮ್ಮೆ ನೋಡಿದ, ಅಂಗಳದ ಜೀಪನ್ನೊಮ್ಮೆ ನೋಡಿದ, ಎಲೆಗೆ ಸುಣ್ಣ ಹಚ್ಚಿದ.

ವಾಪಸು ಬರುವಾಗ ಕನಕಗಿರಿಯ ಹತ್ತಿರ ಒಂದು ಹುಣಸೆಮರದ ಬುಡದಲ್ಲಿ ಜೀಪು ಮೂರು ಸಲ ಕೆಮ್ಮಿ ಮಲಗಿಬಿಟ್ಟಿತು.

"ಎಂಜಿನ್ ಹೋತು" ಎಂದ ದ್ಯಾಮಣ್ಣ, ನಾಡಿ ಹಿಡಿದ ವೈದ್ಯನ ಗಾಂಭೀರ್ಯದಿಂದ.

"ಎಂಜಿನ್ ಎಲ್ಲೂ ಹೋಗಿಲ್ಲ" ಎಂದಳು ಹೆಂಡತಿ ಹಂಪವ್ವ. "ಡೀಸೆಲ್ ಟ್ಯಾಂಕಿ ಮುಚ್ಚಳ ಕಳದು ವರ್ಷಾತು. ಅರಿವಿ ತುಂಡು ತುರುಕೀರಿ. ಭತ್ತ ಒಣಗೋ ಕಣದಾಗ ನಿಲ್ಲಸ್ತೀರಿ. ಒಳಗ ಹೊಟ್ಟು ಹೊಕ್ಕಿರತೈತಿ. ಮೊದ್ಲ ಟ್ಯಾಂಕಿ ತೊಳಸ್ರಿ."

"ತೊಳಿಯೋ ಮಾತು ಪಾತ್ರಿ ಮುಂದ ಇರ್ಲಿ. ಇದು ಮಷಿನರಿ."

(ಪಾತ್ರೆಯ ವಿಷಯ ಬಂತು ಅಂತ ಹೇಳುತ್ತೇನೆ. ಹಂಪವ್ವನ ಮನೆಯಲ್ಲಿ ಹೆಸರು ಹಾಕಿಸದ ಲೋಹದ ಸಾಮಾನಿರಲಿಲ್ಲ. ಹೆಸರು ಹಾಕುವವನು ಓಣಿಗೆ ಬಂದರೆ ಸಾಕು, ಕೊಡ, ತಾಟು, ಚಮಚ, ಕುಡುಗೋಲು, ಗಂಡನ ಕನ್ನಡಕದ ಡಬ್ಬಿ, ಎಲ್ಲದರ ಮೇಲೂ 'ಹಂಪವ್ವ ದ್ಯಾಮಣ್ಣ, ಮರಳಿ' ಎಂದು ಕೊರೆಸುತ್ತಿದ್ದಳು. ಮದುವೆಮನೆಗೆ ಹೋದ ಅವಳ ಪಾತ್ರೆ ಇಂದಿನವರೆಗೆ ಒಂದೂ ಕಳೆದಿಲ್ಲ.)

ದ್ಯಾಮಣ್ಣನೂ ಸಾಮಾನ್ಯ ಆಸಾಮಿಯಲ್ಲ. ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಮಲಗಿಸಿಕೊಂಡು ಹೊಲದಲ್ಲಿ ನಡೆದನೆಂದರೆ, ಕಾಯಿ ಎಲ್ಲಿ ಎದ್ದು ನಿಲ್ಲುತ್ತದೋ ಅಲ್ಲಿ ಬೋರು ಕೊರೆಸಬೇಕು. ಕೆಲವು ಕಡೆ ನೀರೂ ಬಿದ್ದಿತ್ತು. ಇಂಥ ಪುರುಷ ಹೆಂಡತಿಯ ಮಾತಿಗೆ ಟ್ಯಾಂಕಿ ತೊಳೆಸುವುದುಂಟೇ?

ಜೀಪನ್ನು ಗಂಗಾವತಿಗೆ ಎಳೆಸಿಕೊಂಡು ಹೋಗಿ ಮೇಸ್ತ್ರಿ ಯಮನೂರಸಾಬನ ಮುಂದೆ ನಿಲ್ಲಿಸಿದ.

"ಒಂದ್ಸಲ ಬಿಚ್ಚಿ ನೋಡೂಣ್ರಿ ದ್ಯಾಮಣ್ಣೋರ" ಎಂದ ಯಮನೂರಸಾಬ.

"ಸತ್ತದ್ದನ್ನ ಏನು ಬಿಚ್ಚಿ ನೋಡ್ತಿ. ಕಿತ್ತು ಒಗಿ."

ಎಂಜಿನ್ ಕೀಳಿಸಿದ ದ್ಯಾಮಣ್ಣ, ಹೆಣ ಇಟ್ಟುಕೊಳ್ಳಬಾರದೆಂದು ಆ ಸಂಜೆಯೇ ಅದನ್ನು ಗುಜರಿ ಗಾಡಿಗೆ ಹಾಕಿ ಕೈ ತೊಳೆದುಕೊಂಡ.

ಆಮೇಲೆ ಶುರುವಾಯಿತು ಎಂಜಿನ್ನಿನ ಸ್ವಯಂವರ. ಟ್ರ್ಯಾಕ್ಟರಿನದು ನೋಡಿದ. "ಹೊಲ ಊಳ್ತೀರೋ, ಬಸುರಿ ಮಗಳನ್ನ ಕರ್ಕೊಂಡು ಬರ್ತೀರೋ?" ಎಂದಳು ಹಂಪವ್ವ. ಮಿನಿ ಲಾರಿಯದು ನೋಡಿದ. ಅದನ್ನು ಕೂರಿಸಿದರೆ ಬಾನೆಟ್ ಮುಚ್ಚುವುದಿಲ್ಲ ಎಂದ ಯಮನೂರಸಾಬ. ಕಾರಿನ ಪೆಟ್ರೋಲ್ ಎಂಜಿನ್ ಒಂದಿತ್ತು. ಅದರ ಸದ್ದು ದ್ಯಾಮಣ್ಣನ ಮೀಸೆಗೆ ಒಪ್ಪಲಿಲ್ಲ. ಹೀಗೆ ಗುರುವಾರಕ್ಕೆ ನಾಲ್ಕೇ ದಿನ ಉಳಿಯಿತು.

ಕೊನೆಗೆ ಕಾರಟಗಿಯ ರೈಸ್‌ಮಿಲ್ಲುಗಳ ಹಿಂದೆ, ಹಳೇ ಎಂಜಿನ್ ಮಾರುವ ಓಬಳೆಪ್ಪನ ಶೆಡ್ಡಿಗೆ ಹೋದ. ಅಲ್ಲಿ ಐದು ಎಂಜಿನ್ನು ಬಣ್ಣ ಬಳಿದುಕೊಂಡು ಸಾಲಾಗಿ ಕೂತಿದ್ದವು. ದ್ಯಾಮಣ್ಣ ಚೀಲದಿಂದ ತೆಂಗಿನಕಾಯಿ ತೆಗೆದ.

"ಪೂಜಿ ಆಮ್ಯಾಲ ಮಾಡ್ರಿ, ಮೊದ್ಲ ಆರಿಸ್ರಿ" ಎಂದ ಓಬಳೆಪ್ಪ.

"ಆರಸಾಕತ್ತೀನಪ."

ಕಾಯಿ ಮೂರು ಎಂಜಿನ್ನುಗಳ ಮುಂದೆ ಹೊರಳಲೂ ಇಲ್ಲ. ನಾಲ್ಕನೆಯದು ಕಡುಹಸಿರು ಬಣ್ಣದ್ದು. ಅದರ ಮುಂದೆ ಬಂದದ್ದೇ ತಡ, ಕಾಯಿ ಜುಟ್ಟು ಮೇಲೆ ಮಾಡಿ ಧಡಕ್ಕನೆ ಎದ್ದು ನಿಂತಿತು. ಓಬಳೆಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಚಾಲೂ ಮಾಡಿ ನೋಡಿದರೆ ಒಂದೇ ಸಲಕ್ಕೆ ಹತ್ತಿತು.

ಗಂಗಾವತಿಯಲ್ಲಿ ಅದನ್ನು ಕೂರಿಸಿದ ಯಮನೂರಸಾಬ ತಲೆ ಕೆರೆದುಕೊಂಡ. "ದ್ಯಾಮಣ್ಣೋರ, ಒಂದು ಬೋಲ್ಟಿನ ತೂತು ಸೈತ ಬದಲಾಗ್ಲಿಲ್ಲ. ಇದರಾಗ ಹುಟ್ಟಿದಂಗ ಕೂತತಿ. ಇಪ್ಪತ್ತು ವರ್ಷದಾಗ ಹಿಂಗ ಕಂಡಿಲ್ಲ."

"ಕಾಯಿ ಸುಳ್ಳು ಹೇಳಂಗಿಲ್ಲೋ" ಎಂದು ದ್ಯಾಮಣ್ಣ ಮೀಸೆ ತೀಡಿದ.

ಗುರುವಾರ ಬೆಳಿಗ್ಗೆ ಗಂಡಹೆಂಡತಿ ಕುಷ್ಟಗಿಗೆ ಹೊರಟರು. ಕನಕಗಿರಿ ಬಂತು. ಹುಣಸೆಮರ ಬಂತು. ಜೀಪು ಮೂರು ಸಲ ಕೆಮ್ಮಿ, ಅದೇ ಬುಡದಲ್ಲಿ, ಅದೇ ನೆರಳಿನಲ್ಲಿ ಮಲಗಿಬಿಟ್ಟಿತು.

ದ್ಯಾಮಣ್ಣನ ಕೈ ತಾನಾಗಿಯೇ ಮೀಸೆಗೆ ಹೋಯಿತು. ಬಾನೆಟ್ ಎತ್ತಿದ. ಎಂಜಿನ್ನಿನ ಕಾವಿಗೆ ಹೊಸ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಪಕ್ಕದಲ್ಲಿ ಬಂದು ನಿಂತ ಹಂಪವ್ವ ಅರಿವೆಯ ತುಂಡಿನಿಂದ ಒಂದು ಕಡೆ ಒರೆಸಿದಳು. ಮತ್ತೊಮ್ಮೆ ಒರೆಸಿದಳು. ಆಮೇಲೆ ಸುಮ್ಮನೆ ಸರಿದು ಗಂಡನಿಗೆ ಜಾಗ ಬಿಟ್ಟಳು.

ದ್ಯಾಮಣ್ಣ ಬಗ್ಗಿ ಓದಿದ. ಕನ್ನಡಕ ಹಾಕಿಕೊಂಡು ಓದಿದ. ಚುಕ್ಕಿ ಚುಕ್ಕಿ ಅಕ್ಷರ: 'ಹಂಪವ್ವ ದ್ಯಾಮಣ್ಣ, ಮರಳಿ.'

ಅವನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಎರಡು ಬಸ್ಸು, ಒಂದು ಕುರಿಮಂದೆ ದಾಟಿಹೋದರೂ ಮುಚ್ಚಲಿಲ್ಲ.

"ಇದು... ಯಾವಾಗ ಹಾಕ್ಸಿದಿ?"

"ಜೀಪು ತಂದ ವರ್ಷ. ಗ್ಯಾರೇಜಿನ್ಯಾಗ ಅದಲಿ ಬದಲಿ ಮಾಡಬಾರದು ಅಂತ."

"ನನಗ ಹೇಳ್ಲಿಲ್ಲಲ್ಲ."

"ಚಮಚಕ್ಕ ಹಾಕಿಸಿದ್ದೂ ಹೇಳಿಲ್ಲ" ಎಂದು ಹಂಪವ್ವ ಸೆರಗು ಸಿಕ್ಕಿಸಿದಳು. "ಇಷ್ಟ ಎಂಜಿನ್ನಿನ್ಯಾಗ ನಮ್ಮದನ್ನ ಹುಡುಕಿ ತಂದೈತಿ. ಆ ಕಾಯಿಗೆ ಇರೋ ಬುದ್ಧಿ ಭಾಳ ದೊಡ್ಡದು ಬಿಡ್ರಿ. ಈಗ ಟ್ಯಾಂಕಿ ಬಿಚ್ಚತೀರೋ, ಮೀಸಿ ಬೋಳಿಸ್ತೀರೋ?"

ಟ್ಯಾಂಕಿನ ತಳದ ಬೋಲ್ಟು ಬಿಚ್ಚಿದರೆ ಡೀಸೆಲ್ಲಿನೊಂದಿಗೆ ಭತ್ತದ ಹೊಟ್ಟು ಗಂಜಿಯ ಹಾಗೆ ಇಳಿಯಿತು. ದಾರಿಯ ಟ್ರ್ಯಾಕ್ಟರಿನವನು ಒಂದು ಕ್ಯಾನು ಡೀಸೆಲ್ ಕೊಟ್ಟ. ತೊಳೆದು, ಡೀಸೆಲ್ ಸೋಸುವ ಜಾಲರಿ ಒರೆಸಿ, ಕೀಲಿ ತಿರುವಿದರೆ ಜೀಪು ಗುರ್ ಎಂದಿತು.

ಕುಷ್ಟಗಿಯಲ್ಲಿ ಬೀಗ ಹನಮಪ್ಪ ಜೀಪಿನ ಸುತ್ತ ಒಂದು ಸುತ್ತು ಹಾಕಿದ. "ಹೊಸ ಎಂಜಿನ್ ಛಲೋ ಐತಲ್ರಿ ಬೀಗರ. ಯಾರದು?"

ದ್ಯಾಮಣ್ಣ ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ನಿಂತ.

"ನಮ್ಮ ಪರಿಚಯದವರದ ರೀ" ಎಂದಳು ಹಂಪವ್ವ. "ಭಾಳ ಹುಡುಕಿ ತಂದಾರ."

ಸಹನಾ ತವರಿಗೆ ಬಂದಳು. ಮೀಸೆ ಉಳಿಯಿತು. ಮರುವಾರ ಹೆಸರು ಹಾಕುವವನು ಓಣಿಗೆ ಬಂದಾಗ ಹಂಪವ್ವ ಟ್ಯಾಂಕಿನ ಹೊಸ ಮುಚ್ಚಳ ಕೊಟ್ಟು ಕೊರೆಸಿದಳು.

"ಇನ್ನೇನರ ಉಳದೈತೇನ್ರಿ ಯವ್ವಾ?"

ಹಂಪವ್ವ ಕಟ್ಟೆಯ ಮೇಲೆ ಕೂತಿದ್ದ ಗಂಡನನ್ನು ಬಹಳ ಹೊತ್ತು ನೋಡಿದಳು. "ಇವರ ಮ್ಯಾಲೂ ಒಂದು ಹಾಕಪ. ಯಾವತ್ತರ ತಮ್ಮನ್ನ ತಾವ ಗುಜರಿಗೆ ಹಾಕಿ ಬಂದ್ರ, ಗುರುತು ಹಿಡದು ತರಾಕ ಬೇಕು."

ಹೆಸರು ಹಾಕುವವನು ಯಂತ್ರ ಹಿಡಿದು ನಿಜವಾಗಿಯೇ ಎದ್ದ. "ಪೂರ್ತಿ ಹೆಸರು ಹಾಕ್ಲೇನ್ರಿ, ಎರಡಕ್ಷರ ಸಾಕೋ?"

ದ್ಯಾಮಣ್ಣ ಎರಡೂ ಕೈಯಿಂದ ಮೀಸೆ ಮುಚ್ಚಿಕೊಂಡ.