ಇಂಗ್ಲಿಷಿಗೂ ವಿಭೂತಿ

ಚಿಕ್ಕ ಮಕ್ಕಳಿಗೆ ಪಾಠ ಹೇಳುವವರ ಬದುಕಿನಲ್ಲಿ ತಮಾಷೆಯ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ನಾನು ಹೆಚ್ಚು ಮಾತಿನವನಲ್ಲ, ನಗೆಯವನಂತೂ ಅಲ್ಲ. ಆದರೂ ಅವು ನನ್ನನ್ನು ಬಿಟ್ಟಿಲ್ಲ. ಈ ವರ್ಷ ಜೂನ್‌ನಿಂದ ದಸರೆಯವರೆಗೆ ನಡೆದ ಕೆಲವನ್ನು, ನಡೆದ ಹಾಗೆಯೇ ಬರೆಯುತ್ತೇನೆ.

ಕನ್ನಡಿ

ಹೊಸಪೇಟೆಯಲ್ಲಿ ನಮಗೆ ಮೂರು ದಿನ ತರಬೇತಿ ಕೊಟ್ಟರು. ಒಂದನೇ ತರಗತಿಗೆ ಎಬಿಸಿಡಿಯ ಹೆಸರು ಹೇಳಿಕೊಡುವ ಮುಂಚೆ ಪ್ರತಿ ಅಕ್ಷರದ ಸದ್ದು ಕಲಿಸಬೇಕು. ಆ ಸದ್ದಿಗೆ ಬಾಯಿ ಹೇಗೆ ತಿರುಗುತ್ತದೆ ಎಂದು ಮೊದಲು ಮಾಸ್ತರೇ ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಟಿ.ಬಿ. ಡ್ಯಾಂ ಹತ್ತಿರದ ನಮ್ಮ ಬಾಡಿಗೆ ಮನೆಯಲ್ಲಿ ಇದ್ದದ್ದು ನನ್ನ ಹೆಂಡತಿಯ ಕೈಗನ್ನಡಿ. ಆಕೆ ತೀರಿಕೊಂಡು ವರ್ಷವಾಗಿತ್ತು. ಹಣೆಯಿಂದ ತೆಗೆದು ಆಕೆ ಅಂಟಿಸಿದ್ದ ಮೂರು ಟಿಕಳಿ ಅದರ ಅಂಚಿನಲ್ಲಿ ಹಾಗೇ ಇದ್ದವು. ದಿನಾ ಬೆಳಿಗ್ಗೆ ಆರಕ್ಕೆ ಅದನ್ನು ಹಿಡಿದು ಕುಳಿತು ‘ಸ್‌ಸ್‌ಸ್’ ಇಪ್ಪತ್ತು ಸಲ, ‘ಪ್’ ಇಪ್ಪತ್ತು ಸಲ ಅಭ್ಯಾಸ ಮಾಡಿ, ಅದನ್ನೇ ಶಾಲೆಗೂ ಒಯ್ಯುತ್ತಿದ್ದೆ.

ಪಕ್ಕದ ಮನೆಗೂ ನಮಗೂ ಗೋಡೆ ಒಂದೇ. ಮೂರನೆಯ ದಿನ ಆ ಮನೆಯ ಅಜ್ಜಿ ವಿಭೂತಿ ಹಿಡಿದು ಬಂದಳು.

“ಮಾಸ್ತರ, ದುಃಖ ಎಲ್ಲಾರಿಗೂ ಬರ್ತೈತಿ. ಹಂಗಂತ ಬುಸುಗುಡಬಾರ್ದ್ರಿ.”

ಇದು ಇಂಗ್ಲಿಷ್ ಎಂದು ವಿವರವಾಗಿ ಹೇಳಿದೆ. ಪೂರ್ತಿ ಕೇಳಿದಳು. ಕೇಳಿ, ನನ್ನ ಹಣೆಗೆ ವಿಭೂತಿ ಹಚ್ಚಿಯೇ ಬಿಟ್ಟಳು.

“ಇರ್ಲಿ ಬಿಡ್ರಿ, ಇಂಗ್ಲಿಷಿಗೂ ಆಕ್ಕೈತಿ.”

ಗಡುವು

ಆ ಅಜ್ಜಿಯ ಮೊಮ್ಮಗಳು ನನ್ನ ತರಗತಿಯಲ್ಲೇ ಇದ್ದಳು. ಇದನ್ನೇ ಅವಳಿಗೂ ಕಲಿಸುತ್ತೇನೆ ಎಂದು ತಿಳಿದಾಗ ಅಜ್ಜಿಗೆ ನಿಜವಾದ ಗಾಬರಿಯಾಯಿತು. ಶಾಲೆಗೆ ಸೇರಿದ ದಿನದಿಂದ ಹುಡುಗಿ ತರಗತಿಯಲ್ಲಿ ಬಾಯಿ ತೆರೆದಿರಲಿಲ್ಲ. ಅಜ್ಜಿ ಗಡುವು ಹಾಕಿದಳು: ದಸರೆ ರಜೆಯೊಳಗೆ ಮೊಮ್ಮಗಳು ಒಂದಾದರೂ ಇಂಗ್ಲಿಷ್ ಶಬ್ದ ಓದಬೇಕು, ಇಲ್ಲವಾದರೆ ಹೊಸಪೇಟೆಯ ಶಾಲೆಗೆ ಹೋಗುವ ಹಳದಿ ವ್ಯಾನು ಹತ್ತಿಸುತ್ತೇನೆ. ನಮ್ಮ ಓಣಿಯಲ್ಲಿ ಅಜ್ಜಿಯ ಮಾತೇ ಮಾತು. ಈ ಒಬ್ಬಳು ಹತ್ತಿದರೆ ಉಳಿದ ಹದಿಮೂರು ಮಕ್ಕಳೂ ಹಿಂದೆಯೇ ಹತ್ತುತ್ತಾರೆ. ಒಂದನೇ ತರಗತಿಯಲ್ಲಿ ಉಳಿಯುವುದು ನಾನು ಮತ್ತು ಕನ್ನಡಿ.

ಚೀಟಿ

‘ಪ್’ ಸರಿಯಾಗಿ ಬಂತೋ ಇಲ್ಲವೋ ತಿಳಿಯಲು ಬಾಯಿಯ ಮುಂದೆ ತೆಳು ಕಾಗದದ ಚೀಟಿ ಹಿಡಿಯಬೇಕು. ಉಸಿರು ತಾಗಿ ಚೀಟಿ ಅಲುಗಿದರೆ ಸರಿ. ತಪಾಸಣೆಗೆ ಸಾಹೇಬರು ಬಂದ ದಿನ ಹದಿನಾಲ್ಕು ಮಕ್ಕಳೂ ಚೀಟಿ ಹಿಡಿದು ನಿಂತರು. ಅಜ್ಜಿಯ ಮೊಮ್ಮಗಳ ಚೀಟಿ ಅಲುಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ಸಾಹೇಬರು “ಹೂಂ” ಎನ್ನುವುದಕ್ಕೂ, ಬೆಳಗಿನಿಂದ ಹೋಗಿದ್ದ ಕರೆಂಟು ಬರುವುದಕ್ಕೂ ಸರಿಹೋಯಿತು. ಫ್ಯಾನು ತಿರುಗಿತು. ಹದಿನಾಲ್ಕೂ ಚೀಟಿಗಳು ಪಟಪಟನೆ ಹೊಡೆದುಕೊಂಡವು, ಮೇಜಿನ ಮೇಲಿನ ಹಾಜರಿ ಪುಸ್ತಕದ ಹಾಳೆಗಳೂ. ಸಾಹೇಬರು ‘ಉಚ್ಚಾರ ಶೇಕಡ ನೂರು’ ಎಂದು ಬರೆದರು. ಸುಳ್ಳು ಉಳಿಯಬಾರದೆಂದು ನಾನು ಕರೆಂಟಿನ ವಿಷಯ ಹೇಳಿದೆ. ಅವರು ಅದನ್ನೂ ಬರೆದುಕೊಂಡರು: ‘ವಿದ್ಯುತ್ ಸೌಲಭ್ಯ ಉತ್ತಮ.’

ಹಲ್ಲು

ಮೊಮ್ಮಗಳು ಎಲ್ಲಿಯವರೆಗೆ ಬಂದಳೆಂದು ನೋಡಲು ಅಜ್ಜಿ ದಿನವೂ ತರಗತಿಯ ಕಿಟಕಿಯ ಹೊರಗೆ ಶೇಂಗಾ ಬಿಡಿಸುತ್ತ ಕೂರತೊಡಗಿದಳು. ಒಳಗೆ ಮೊಮ್ಮಗಳು ಕನ್ನಡಿಯನ್ನು ಟಿಕಳಿಗೆ ಬೆರಳು ತಾಗದಂತೆ ಜೋಪಾನವಾಗಿ ಹಿಡಿದು ನೋಡುವಳು. ಸದ್ದು ಮಾತ್ರ ಇಲ್ಲ. ಅವಳ ಪಾಲಿನದನ್ನು ಅಜ್ಜಿಯೇ ಹೊರಗಿನಿಂದ ಹೇಳತೊಡಗಿದಳು. ಬುಸುಗುಡುವುದರಲ್ಲಿ ನನ್ನನ್ನೂ ಮೀರಿಸಿದಳು.

ತೊಡಕಾದದ್ದು ಎಫ್ ಅಕ್ಷರದಲ್ಲಿ. ಅದರ ಸದ್ದಿಗೆ ಮೇಲಿನ ಹಲ್ಲನ್ನು ಕೆಳತುಟಿಯ ಮೇಲೆ ಇಡಬೇಕು. ಅಜ್ಜಿಗೆ ಮೇಲೆ ಹಲ್ಲೇ ಇರಲಿಲ್ಲ.

“ಹಲ್ಲಿಲ್ದೋರು ಇಂಗ್ಲಿಷ್ ಕಲಿಬಾರ್ದೇನ್ರಿ?”

ತರಬೇತಿಯ ಕೈಪಿಡಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮರುದಿನ ಅಜ್ಜಿ ಕಟ್ಟಿಸಿದ ಹಲ್ಲು ಹಾಕಿಕೊಂಡು ಬಂದಳು. ಮಗ ಮಾಡಿಸಿಕೊಟ್ಟ ಆ ಸೆಟ್ಟನ್ನು ಆಕೆ ಮದುವೆಗಳಿಗೆ ಮಾತ್ರ ಹಾಕುವುದು. ಹಾಗಾಗಿ ಯಾರ ಮದುವೆ ಎಂದು ದಾರಿಯಲ್ಲಿ ಮೂವರು ಕೇಳಿದರಂತೆ. ಇಂಗ್ಲಿಷಿಂದು ಎಂದು ಹೇಳಿ ಬಂದಳಂತೆ.

ಪರೀಕ್ಷೆ

ರಜೆಯ ಹಿಂದಿನ ದಿನ ತಾಯಂದಿರೆಲ್ಲ ಬಾಗಿಲಲ್ಲಿ ನಿಂತಿದ್ದರು. ಅಜ್ಜಿ ಹಲ್ಲು ಹಾಕಿಕೊಂಡು ಒಳಗೇ ಬಂದು ಮುಂದಿನ ಸಾಲಿನಲ್ಲಿ ಕುಳಿತಳು. ನಾನು ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ‘ಫ್ಯಾನ್’ ಎಂದು ಬರೆದೆ. ಮೂರೇ ಅಕ್ಷರ. ಹುಡುಗಿ ಹಲಗೆ ನೋಡಿದಳು, ಕನ್ನಡಿ ನೋಡಿದಳು. ಬಾಯಿ ತೆರೆಯಲಿಲ್ಲ. ನಾನು ಮನಸ್ಸಿನಲ್ಲೇ ಎಪ್ಪತ್ತರವರೆಗೆ ಎಣಿಸಿದೆ. ಬಾಗಿಲಲ್ಲಿ ಯಾರೋ ಹಳದಿ ವ್ಯಾನು ಎಷ್ಟು ಗಂಟೆಗೆ ಬರುತ್ತದೆ ಎಂದು ವಿಚಾರಿಸಿದರು.

ಅಜ್ಜಿಗೆ ತಡೆಯಲಾಗಲಿಲ್ಲ. ಮೊಮ್ಮಗಳ ಬದಲು ತಾನೇ ಎದೆ ತುಂಬ ಉಸಿರೆಳೆದುಕೊಂಡು ಎಫ್‌ನ ಸದ್ದು ಮಾಡಿದಳು. ಮೇಲಿನ ಸೆಟ್ಟು ಹಾರಿ ಬಂದು ನನ್ನ ಕಾಲ ಬಳಿ ಬಿತ್ತು.

ನಾಲ್ಕು ತಿಂಗಳು ಮಾತಾಡದ ಹುಡುಗಿ ಬಗ್ಗಿ ಹಲ್ಲನ್ನು ನೋಡಿದಳು, ಆಮೇಲೆ ಅಜ್ಜಿಯನ್ನು.

“ಹಂಗಲ್ಲಬೇ. ಹಲ್ಲು ತುಟಿ ಮ್ಯಾಲ ಇಡಬೇಕು, ನೆಲದ ಮ್ಯಾಲ ಅಲ್ಲ.”

ಹೇಗೆಂದು ತೋರಿಸಲು ತನ್ನ ಹಲ್ಲನ್ನು ಕೆಳತುಟಿಗೆ ಒತ್ತಿ, ಒಂದೊಂದೇ ಸದ್ದು ಕೂಡಿಸಿ, ಹಲಗೆಯ ಮೇಲಿದ್ದುದನ್ನು ಓದಿದಳು. ಯಾರೂ ಕೇಳದಿದ್ದರೂ ಇನ್ನೊಂದು ಸಲ ಓದಿದಳು.

ಅಜ್ಜಿ ಹಲ್ಲನ್ನು ಸೆರಗಿನಿಂದ ಒರೆಸಿ ಬಾಯಿಗಿಟ್ಟುಕೊಂಡು, ವ್ಯಾನಿನವನಿಗೆ ಬರಬ್ಯಾಡ ಅಂತ ಹೇಳ್ರಿ ಎಂದು ಬಾಗಿಲಿನವರಿಗೆ ಅಪ್ಪಣೆ ಮಾಡಿದಳು.

ನನಗೆ ನಗು ಬಂತು. ವರ್ಷದ ಮೇಲೆ ನಾಲ್ಕು ತಿಂಗಳಾಗಿತ್ತು ಅದು ಬಂದು. ನಿಲ್ಲಿಸಲು ನೋಡಿದೆ, ಆಗಲಿಲ್ಲ. ಹಲಗೆ ಹಿಡಿದುಕೊಂಡು ನಕ್ಕೆ, ಕಣ್ಣೊರೆಸಿಕೊಂಡು ನಕ್ಕೆ. ಅಜ್ಜಿ ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಮೊಮ್ಮಗಳ ಬೆನ್ನು ತಟ್ಟಿ ಹೇಳಿದಳು:

“ಜಲ್ದಿ ಮನಿಗೆ ಹೋಗಿ ವಿಭೂತಿ ತಗೊಂಡ್ ಬಾ.”