ಪೆಲಿಕನ್ನೋ ಮಾರಿಗೋಲ್ಡೋ

ವೆಂಡೆಲ್ ಆಸ್ಟ್ರಾಂಡರ್‌ನ ಮುಂದೆ ಎರಡು ವಸ್ತು ಇಟ್ಟು ಒಂದನ್ನು ಆರಿಸಿಕೋ ಅಂದರೆ ಸಾಕು, ಅವನ ಅಂಗೈ ಬೆವರುತ್ತಿತ್ತು. ನ್ಯೂಯಾರ್ಕಿನ ಉತ್ತರಕ್ಕೆ ಹಿಮ ಬೀಳುವ ಊರೊಂದರಲ್ಲಿ ಸಿಗ್ನಲ್ ದೀಪ ರಿಪೇರಿ ಮಾಡುತ್ತಾ ಆಯುಷ್ಯ ಸವೆಸಿದ ಮನುಷ್ಯ. ಅಲ್ಲಿ ಕೆಂಪೋ ಹಸಿರೋ ಅಂತ ತೀರ್ಮಾನಿಸುವುದು ಪೆಟ್ಟಿಗೆಯೊಳಗಿನ ಯಂತ್ರದ ಕೆಲಸ, ಇವನದಲ್ಲ. ಮನೆಯಲ್ಲಿ ಆ ಯಂತ್ರದ ಜಾಗದಲ್ಲಿ ಹೆಂಡತಿ ಕೊರಿನ್ ಇದ್ದಳು. ನಿವೃತ್ತಿಯಾದ ಮೇಲೆ ಫ್ಲಾರಿಡಾಕ್ಕೆ ಬರೋಣ ಅಂದವಳು ಅವಳು, ಕಡಲ ಹತ್ತಿರ ಈ ಫ್ಲ್ಯಾಟು ಹಿಡಿದವಳು ಅವಳು, ದಿನಾ ಬೆಳಗ್ಗೆ ಇವನ ಚಡ್ಡಿಯ ಬಣ್ಣ ಆರಿಸಿ ಹಾಸಿಗೆಯ ಮೇಲೆ ಇಡುವವಳೂ ಅವಳೇ.

ಅಂಥವಳು ಆವತ್ತು ಬೆಳಗ್ಗೆ ಕಾಫಿ ಬಟ್ಟಲಿನ ಎಡಕ್ಕೊಂದು ಬಲಕ್ಕೊಂದು ಹೊಳೆಯುವ ಪುಸ್ತಿಕೆ ತಂದಿಟ್ಟಳು.

"ನಮ್ಮ ಮದುವೆ ವಾರ್ಷಿಕೋತ್ಸವಕ್ಕೆ ಹಡಗಲ್ಲಿ ಕೆರಿಬಿಯನ್‌ಗೆ ಹೋಗೋಣ. ಇದು ಗ್ರ್ಯಾಂಡ್ ಪೆಲಿಕನ್, ಇದು ಲೇಡಿ ಮಾರಿಗೋಲ್ಡ್. ಎರಡೂ ಒಂದೇ ಭಾನುವಾರ ಒಂದೇ ಬಂದರಿನಿಂದ ಹೊರಡ್ತವೆ, ಅವೇ ದ್ವೀಪಗಳಿಗೆ ಹೋಗ್ತವೆ. ಯಾವುದು ಅಂತ ನೀನು ಹೇಳು."

"ನಿಂಗ್ಯಾವುದು ಇಷ್ಟಾನೋ ಅದೇ..."

"ಆ ಮಾತು ಬೇಡ, ವೆಂಡೆಲ್. ಹೋದ ವರ್ಷ ನೀನು ಯೋಚನೆ ಮಾಡ್ತಾ ಕೂತೆ, ಹಡಗು ಹೊರಟುಹೋಯ್ತು. ನಾವು ಮರಳಲ್ಲಿ ನಿಂತು ಕೈ ಬೀಸಿ ಬಂದ್ವಿ. ನಲವತ್ತು ವರ್ಷದಿಂದ ನಿನ್ನ ಪಾಲಿನ ತೀರ್ಮಾನಾನೂ ನಾನೇ ಮಾಡಿ ಸಾಕಾಗಿದೆ. ಒಂದೇ ಒಂದು ಸಲ ನನ್ನ ಗಂಡ 'ಇದು' ಅಂತ ಬೊಟ್ಟು ಮಾಡಿ ತೋರಿಸೋದನ್ನ ನೋಡಬೇಕು ನಾನು. ಸಂಜೆ ಊಟದೊಳಗೆ ಹೇಳದಿದ್ರೆ ನಾನು ನನ್ನ ತಂಗಿ ಜೊತೆ ಹೋಗ್ತೀನಿ. ನೀನು ಇಲ್ಲೇ ಇದ್ದು ಆರಾಮಾಗಿ ಯೋಚನೆ ಮಾಡ್ತಿರು."

ದನಿ ಏರಿರಲಿಲ್ಲ. ಅದಕ್ಕೇ ವೆಂಡೆಲ್‌ಗೆ ಭಯವಾದದ್ದು. ಕೊರಿನ್ ಕೂಗಾಡಿದರೆ ಮಳೆ ಬಂದು ಹೋದ ಹಾಗೆ. ಮೆಲ್ಲಗೆ ಮಾತಾಡಿದರೆ ಆಡಿದ್ದನ್ನು ಮಾಡಿಯೇ ತೀರುವವಳು.

ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದಳು. "ಮತ್ತೆ, ಕಟ್ಟಡದಲ್ಲಿ ಒಂದು ನರಪಿಳ್ಳೆಗೂ ಗೊತ್ತಾಗಬಾರದು. ಬರ್ನಿಸ್ ಕಿವಿಗೆ ಬಿದ್ರೆ ದಂಡು ಕಟ್ಕೊಂಡು ಬರ್ತಾಳೆ. ಈ ಸಲ ನಾವಿಬ್ಬರೇ." ಇಷ್ಟು ಹೇಳಿ ಕೂದಲು ಮಾಡಿಸಿಕೊಳ್ಳಲು ಹೊರಟುಹೋದಳು.

ವೆಂಡೆಲ್ ಕನ್ನಡಕ ಏರಿಸಿ ಕೂತ. ಪೆಲಿಕನ್‌ನಲ್ಲಿ ಹದಿನೆಂಟು ಅಂತಸ್ತು. ಮಾರಿಗೋಲ್ಡ್‌ನಲ್ಲೂ ಹದಿನೆಂಟು. ಪೆಲಿಕನ್‌ನಲ್ಲಿ ಮೇಲಿನಿಂದ ಸುತ್ತಿ ಸುತ್ತಿ ನೀರಿಗೆ ಬೀಳುವ ಜಾರುಬಂಡೆ ಇತ್ತು. ಮಾರಿಗೋಲ್ಡ್‌ನ ಹೊಟ್ಟೆಯೊಳಗೆ ನಿಜವಾದ ಮರಗಳ ತೋಟ ಇತ್ತು. ಜಾರುವ ವಯಸ್ಸು ನಮಗಿಲ್ಲ ಅಂತ ಮಾರಿಗೋಲ್ಡ್ ಕಡೆ ವಾಲಿದ. ಮರ ನೋಡಲು ಸಮುದ್ರಕ್ಕೆ ಯಾಕೆ ಹೋಗಬೇಕು ಅಂತ ಮತ್ತೆ ಪೆಲಿಕನ್ ಕಡೆ ವಾಲಿದ. ಕಾಫಿ ಆರಿ ತಣ್ಣಗಾಯಿತು.

ಕೊನೆಗೆ ನಾಣ್ಯ ಚಿಮ್ಮಿದ. ತಲೆಯ ಮುಖ ಬಿದ್ದರೆ ಪೆಲಿಕನ್, ಹದ್ದಿನ ಮುಖ ಬಿದ್ದರೆ ಮಾರಿಗೋಲ್ಡ್. ನಾಣ್ಯ ನೆಲಕ್ಕೆ ಬಿದ್ದು ಉರುಳಿ ಫ್ರಿಜ್ಜಿನ ಕೆಳಗೆ ಹೋಯಿತು. ಹೊಟ್ಟೆಯ ಮೇಲೆ ಮಲಗಿ ಪೊರಕೆ ಹಾಕಿ ಎಳೆದರೆ ಧೂಳಿನ ಜೊತೆ ಎರಡು ನಾಣ್ಯ ಬಂದವು. ಒಂದರಲ್ಲಿ ತಲೆ, ಒಂದರಲ್ಲಿ ಹದ್ದು. ಯಾವುದು ತಾನು ಚಿಮ್ಮಿದ್ದು, ಯಾವುದು ಹಳೇದು ಅಂತ ದೇವರಿಗೇ ಗೊತ್ತು.

ಯಾರನ್ನಾದರೂ ಕೇಳಲೇಬೇಕು. ಒಬ್ಬನನ್ನು ಮಾತ್ರ, ಸುತ್ತಿ ಬಳಸಿ, ತನ್ನ ಹೆಸರು ಬರದ ಹಾಗೆ.

ಈಜುಕೊಳದ ಪಕ್ಕದ ಕುರ್ಚಿಯಲ್ಲಿ ಮೋರ್ಟ್ ಗಲಿನ್ಸ್ಕಿ ಬಿಸಿಲು ಕಾಯುತ್ತಾ ಒರಗಿದ್ದ. ಹಲ್ಲಿನ ಡಾಕ್ಟರಾಗಿದ್ದವನು, ಈಗ ಬಾಯಿ ತೆರೆಸುವ ಬದಲು ತಾನೇ ತೆರೆದುಕೊಂಡಿರುತ್ತಾನೆ. ಮಾರಿಗೋಲ್ಡ್‌ನವರು ಹಳೇ ಗಿರಾಕಿಗಳಿಗೆ ಕೊಡುವ ನೇರಳೆ ಪಟ್ಟಿ ಅವನ ಕೊರಳಲ್ಲಿ ಸದಾ ಇರುತ್ತಿತ್ತು. ಸ್ನಾನದಲ್ಲೂ ತೆಗೆಯುವುದಿಲ್ಲ ಅಂತ ಜನ ಆಡಿಕೊಳ್ಳುತ್ತಿದ್ದರು.

"ಮೋರ್ಟ್, ನನ್ನ ಸ್ನೇಹಿತ ಒಬ್ಬ ಇದ್ದಾನೆ..."

"ನಮ್ಮನ್ನ ಬಿಟ್ರೆ ನಿಂಗ್ಯಾವ ಸ್ನೇಹಿತ ಇದ್ದಾನಯ್ಯ?"

"ಊರಲ್ಲಿ. ಹಳೇ ಸ್ನೇಹಿತ. ಅವನಿಗೆ ಪೆಲಿಕನ್ನೋ ಮಾರಿಗೋಲ್ಡೋ ಅಂತ..."

"ಯಾವತ್ತು ಹೊರಡ್ತಿದೀರಾ ನೀನೂ ಕೊರಿನ್ನೂ?" ಅಂದ ಮೋರ್ಟ್, ಎದ್ದು ಕೂತು. "ಮಾರಿಗೋಲ್ಡ್ ಅಲ್ದೆ ಇನ್ನೇನು? ಪೆಲಿಕನ್‌ನಲ್ಲಿ ಸಿಗಡಿ ಇಷ್ಟೇ ಇಷ್ಟು, ನಿನ್ನ ಕಿರುಬೆರಳಿನ ಉಗುರಷ್ಟು. ನಾನು ತಟ್ಟೆಯಲ್ಲಿ ಹುಡುಕಿ ತಿಂದಿದೀನಿ."

ಕೊಳದೊಳಗೆ ಹೆಂಗಸರ ನೀರಿನ ಕಸರತ್ತು ನಡೆಯುತ್ತಿತ್ತು. ಎದೆಮಟ್ಟ ನೀರಿನಲ್ಲಿ ಕೈ ಎತ್ತಿ ನಿಂತಿದ್ದ ಬರ್ನಿಸ್ ಟಟಲ್ ಹಾಗೇ ತಿರುಗಿದಳು. ಕಟ್ಟಡದ ಈಜುಕೊಳ ಸಮಿತಿಗೆ ಅವಳೇ ಅಧ್ಯಕ್ಷೆ, ಪೆಲಿಕನ್ನಿಗೆ ಅವಳೇ ಪುಕ್ಕಟೆ ವಕೀಲೆ. ಪುಕ್ಕಟೆ ಅನ್ನುವುದೂ ತಪ್ಪು. ಹದಿನಾರು ಜನರನ್ನು ಗುಂಪು ಕಟ್ಟಿ ಕರೆದುಕೊಂಡು ಹೋದವರಿಗೆ ಹಡಗಿನವರು ಒಂದು ಜಾಗ ಬಿಟ್ಟಿ ಕೊಡುತ್ತಾರೆ. ಬರ್ನಿಸ್ ಕೈಯಿಂದ ದುಡ್ಡು ಬಿಚ್ಚಿ ಹಡಗು ಹತ್ತಿ ಯಾವ ಕಾಲವಾಯಿತೋ.

"ಅವನ ಮಾತು ಕೇಳಬೇಡ ವೆಂಡೆಲ್," ಅಂತ ನೀರು ಸೀಳಿಕೊಂಡು ಬಂದಳು. "ಮಾರಿಗೋಲ್ಡ್‌ನಲ್ಲಿ ಲಿಫ್ಟಿಗೆ ಕಾದು ಕಾದು ಜನಕ್ಕೆ ಇನ್ನೂ ನಾಲ್ಕು ವರ್ಷ ವಯಸ್ಸಾಗತ್ತೆ. ನಾನು ಹನ್ನೆರಡು ಜನಾನ ಆಗಲೇ ಹಿಡಿದಿದೀನಿ. ನೀವಿಬ್ರೂ ಬಂದ್ರೆ ಇನ್ನಿಬ್ರು ಸಾಕು."

ಅಷ್ಟಾದದ್ದೇ ತಡ, ಕೊಳ ಎರಡು ಪಾಲಾಯಿತು. ಆಳದ ಕಡೆ ಮಾರಿಗೋಲ್ಡಿನವರು, ಮೆಟ್ಟಿಲ ಕಡೆ ಪೆಲಿಕನ್ನಿನವರು. ನಡುವೆ ದಡದ ಮೇಲೆ ವೆಂಡೆಲ್, ಎರಡೂ ಕಡೆ ತಲೆ ಆಡಿಸುತ್ತಾ. ಗುಟ್ಟು ಹೊರಬಿದ್ದು ಕಾಲು ಗಂಟೆಯೊಳಗೆ ಕಾವಲುಗಾರ ಕೂಡ ತನ್ನ ಅಭಿಪ್ರಾಯ ಹೇಳಿ ಹೋದ.

ಆಮೇಲೆ ಅವನಿಗೆ ಒಂದು ಕಡೆ ಕೂರಲು ಆಗಲಿಲ್ಲ. ಲಿಫ್ಟಿನೊಳಗೆ ಹೋದರೆ ಅಲ್ಲೊಬ್ಬ ಪೆಲಿಕನ್. ಬಟ್ಟೆ ಒಗೆಯುವ ಕೋಣೆಗೆ ನುಗ್ಗಿದರೆ ಯಂತ್ರದ ಹಿಂದಿನಿಂದ ಒಬ್ಬಳು ಮಾರಿಗೋಲ್ಡ್. ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ಮೋರ್ಟ್ ದಪ್ಪನೆಯ ಪಾಸ್ಟ್ರಾಮಿ ಮಾಂಸದ ಸ್ಯಾಂಡ್‌ವಿಚ್ ಹಿಡಿದು ಬಂದ, "ಹಸಿದ ಹೊಟ್ಟೇಲಿ ಯೋಚನೆ ಮಾಡಬಾರದು" ಅಂದ. ಅವನು ಹೋದ ಬೆನ್ನಿಗೇ ಬರ್ನಿಸ್ ನಿಂಬೆಹಣ್ಣಿನ ಸಿಹಿ ಪೈ ತಂದಳು. ಯಾವುದನ್ನು ಬೇಡ ಅನ್ನುವುದು ಅಂತ ತಿಳಿಯದೆ ಎರಡನ್ನೂ ತಿಂದ. ಎದೆ ಉರಿ ಶುರುವಾಯಿತು. ಔಷಧಿ ಪೆಟ್ಟಿಗೆ ತೆಗೆದರೆ ಅದರಲ್ಲಿ ಎದೆ ಉರಿಗೆ ಎರಡು ಥರದ ಮಾತ್ರೆ ಇದ್ದವು. ಪೆಟ್ಟಿಗೆ ಮುಚ್ಚಿದ.

ಹಾಸಿಗೆಯ ಅಂಚಿನಲ್ಲಿ ಕೂತು ಗೋಡೆ ನೋಡಿದ. ನಾವಿಬ್ಬರೇ ಅಂದಿದ್ದಳು. ಅವಳು ಕೇಳಿದ್ದು ಎರಡೇ ಮಾತು, ಒಂದನ್ನು ಆಗಲೇ ನೀರಿಗೆ ಹಾಕಿದ್ದಾಯಿತು. ತನ್ನ ಮೇಲೆ ತನಗೇ ಹೇಸಿಗೆ ಬಂತು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಆ ಹೊತ್ತಿನಲ್ಲಿ, ಎದೆ ಉರಿಯ ನಡುವೆ, ವೆಂಡೆಲ್‌ಗೆ ಜೀವಮಾನದಲ್ಲಿ ಮೊದಲ ಸಲ ಒಂದು ಉಪಾಯ ಹೊಳೆಯಿತು.

ದಡದಡ ಇಳಿದು ಹೋಗಿ ಕೊಳದ ಪಕ್ಕ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹತ್ತಿ ನಿಂತ. ಮಿಂಚು ಕಂಡಾಗ ಜನರನ್ನು ನೀರಿನಿಂದ ಎಬ್ಬಿಸಲು ಊದುವ ಸೀಟಿ ಗೂಟದಲ್ಲಿ ನೇತಾಡುತ್ತಿತ್ತು. ಅದನ್ನು ಊದಿದ.

"ಎಲ್ಲರೂ ಕೇಳಿ. ನಾನು ತೀರ್ಮಾನ ಮಾಡಿದೀನಿ. ಗ್ರ್ಯಾಂಡ್ ಪೆಲಿಕನ್."

ಮೆಟ್ಟಿಲ ಕಡೆಯವರು ಚಪ್ಪಾಳೆ ತಟ್ಟಿದರು. ಬರ್ನಿಸ್ ಆಗಲೇ ಒದ್ದೆ ಕೈಯಲ್ಲಿ ಫೋನು ಒತ್ತುತ್ತಿದ್ದಳು. ವೆಂಡೆಲ್ ನೋಡಿದ್ದು ಮೋರ್ಟ್ ಮುಖವನ್ನು. ಉಪಾಯವೆಲ್ಲ ನಿಂತಿದ್ದು ಅವನ ಮೇಲೆ. ಮಾರಿಗೋಲ್ಡಿನವರಿಗೆ ಅವನೇ ಮುಂದಾಳು. ಅವನು ಕದಲದಿದ್ದರೆ ಆ ಗುಂಪೂ ಕದಲುವುದಿಲ್ಲ.

ಮೋರ್ಟ್ ಕೊರಳ ಪಟ್ಟಿ ಸರಿಮಾಡಿಕೊಂಡ. "ಹಾಗೋ. ಸರಿ, ನಾವೂ ಬರ್ತೀವಿ ಪೆಲಿಕನ್ನಿಗೆ. ಪ್ರತಿ ಊಟಕ್ಕೂ ನಿನ್ನ ಪಕ್ಕದಲ್ಲೇ ಕೂತು ಆ ಸಿಗಡಿ ಎತ್ತಿ ತೋರಿಸ್ತೀನಿ. ನಾನು ಹೇಳಿರಲಿಲ್ವಾ ಅಂತ ನಿನ್ನ ಕೇಳದೆ ಬಿಡೋನಲ್ಲ ನಾನು."

ವೆಂಡೆಲ್ ಇಂಥದ್ದಕ್ಕೇ ಕಾದಿದ್ದ. ಇಡೀ ಕಟ್ಟಡ ಪೆಲಿಕನ್ ಹತ್ತಿತು. ಅಂದರೆ ಮಾರಿಗೋಲ್ಡ್ ಖಾಲಿ, ಅಲ್ಲಿ ತಾವಿಬ್ಬರೇ.

ಹಿಂದಿನ ಬಾಗಿಲಿನಿಂದ ನುಸುಳಿ, ಬಿಸಿಲಿನಲ್ಲಿ ನಡೆದು, ಸೂಪರ್‌ಮಾರ್ಕೆಟ್ ಪಕ್ಕದ ಪ್ರವಾಸದ ಅಂಗಡಿಗೆ ಹೋದ. ಮಾರಿಗೋಲ್ಡ್‌ನಲ್ಲಿ ಬಾಲ್ಕನಿ ಇರುವ ಕೋಣೆ, ಇಬ್ಬರಿಗೆ. ಅಂಗಡಿಯ ಹೆಂಗಸು ಬೆರಳು ಕೀಲಿಗಳ ಮೇಲಿಟ್ಟು ಕೇಳಿದಳು, "ಇದು ರಿಯಾಯಿತಿ ಕೋಣೆ, ಸರ್. ದುಡ್ಡು ವಾಪಸ್ ಬರಲ್ಲ. ಖಂಡಿತಾ ತಾನೇ?"

"ಖಂಡಿತಾ," ಅಂದ ವೆಂಡೆಲ್.

ಅಂದಮೇಲೆ ಅಂಗೈ ನೋಡಿಕೊಂಡ. ಒಣಗಿತ್ತು. ದಾರಿಯುದ್ದಕ್ಕೂ ಸಂತೋಷದಿಂದ ಅವನ ಕಾಲು ನೆಲಕ್ಕೆ ತಾಗಲಿಲ್ಲ. ಬಾಲ್ಕನಿಯಲ್ಲಿ ಕೊರಿನ್, ಪಕ್ಕದಲ್ಲಿ ತಾನು, ಮುಂದೆ ನೀರು. ಸಿಗಡಿ ಎತ್ತಿ ತೋರಿಸುವವರು ಸುತ್ತ ಎಲ್ಲೂ ಇಲ್ಲ. ಇದು ಅಂತ ಬೊಟ್ಟು ಮಾಡಿ ತೋರಿಸುವುದು ಹೇಗೆ ಅಂತ ಲಿಫ್ಟಿನ ಕನ್ನಡಿಯ ಮುಂದೆ ಎರಡು ಸಲ ಅಭ್ಯಾಸವನ್ನೂ ಮಾಡಿದ.

ಇಲ್ಲಿ ಬಿಸಿಲು ಇಳಿಯುವ ಮೊದಲೇ ರಾತ್ರಿಯೂಟ. ಕೊರಿನ್ ಮೇಜು ಹಾಕಿ, ಹೊಸ ಕೂದಲಿನಲ್ಲಿ ಕಾದು ನಿಂತಿದ್ದಳು. ಇವನು ಒಳಗೆ ಬಂದವನೇ ಬೆರಳು ಎತ್ತಿದ. ಅಷ್ಟರಲ್ಲಿ ಅವಳು ಬಂದು ಅವನನ್ನು ಅಪ್ಪಿಕೊಂಡುಬಿಟ್ಟಳು. ಕಣ್ಣು ಒದ್ದೆಯಾಗಿತ್ತು.

"ನಂಗೆಲ್ಲಾ ಗೊತ್ತಾಯ್ತು," ಅಂದಳು. "ಬರ್ನಿಸ್ ಪಾರ್ಲರಿಗೇ ಫೋನ್ ಮಾಡಿದ್ಲು. ಕುರ್ಚಿ ಮೇಲೆ ನಿಂತ್ಯಂತೆ. ಸೀಟಿ ಊದಿದ್ಯಂತೆ. ಪೆಲಿಕನ್ ಅಂದ್ಯಂತೆ, ಎಲ್ಲರ ಮುಂದೆ. ತಲೆಗೆ ಯಂತ್ರ ಸಿಗಿಸ್ಕೊಂಡು ಕೂತಿದ್ದೆ, ಅಳು ಬಂದ್ಬಿಡ್ತು."

ಎತ್ತಿದ ಬೆರಳು ಗಾಳಿಯಲ್ಲಿ ಉಳಿಯಿತು. "ಆದ್ರೆ ನಾವಿಬ್ಬರೇ ಅಂದಿದ್ದೆಯಲ್ಲ ನೀನು?"

"ಅಂದಿದ್ದೆ. ನಿನ್ನ ಬಾಯಲ್ಲಿ ಎಳ್ಳುಕಾಳು ನೆನೆಯಲ್ಲ ಅನ್ನೋದು ನಂಗೆ ಗೊತ್ತಿಲ್ದೆ ಇತ್ತಾ? ಹೋಗ್ಲಿ ಬಿಡು. ನೀನು ತೀರ್ಮಾನ ಮಾಡೋದಾದ್ರೆ ನಾನು ಬರ್ನಿಸ್ ಜೊತೆ ಒಂದೇ ಕೋಣೇಲಿ ಬೇಕಾದ್ರೂ ಮಲಗ್ತೀನಿ. ಅಲ್ಲಿಂದಲೇ ನಮ್ಮಿಬ್ಬರ ದುಡ್ಡು ಕಟ್ಬಿಟ್ಟೆ, ಪೂರ್ತಿ. ಇನ್ನು ವಾಪಸ್ ಕೇಳೋ ಹಾಗಿಲ್ಲ."

"ಕೊರಿನ್, ಒಂದು ಮಾತು ಹೇಳಬೇಕು..."

ಅವಳು ಅವನ ಬಾಯಿಯ ಮೇಲೆ ಕೈ ಇಟ್ಟಳು. "ಏನು ಬೇಕಾದ್ರೂ ಹೇಳು, ವೆಂಡೆಲ್. ಮನಸ್ಸು ಬದಲಾಯ್ಸಿದೆ ಅಂತ ಮಾತ್ರ ಹೇಳ್ಬೇಡ. ಅದನ್ನ ಕೇಳೋ ಶಕ್ತಿ ನಂಗಿಲ್ಲ. ತಂಗಿಗೂ ಬರಬೇಡ ಅಂತ ಹೇಳಿಬಿಟ್ಟೆ. ನನ್ನ ಗಂಡ ಬದಲಾಗಿದಾನೆ ಅಂದೆ."

ವೆಂಡೆಲ್ ಆ ಕೈಯ ಹಿಂದೆ ಮಾತು ನುಂಗಿಕೊಂಡ. ಬದುಕಿನಲ್ಲಿ ಒಂದೇ ಒಂದು ಸಲ, ಅಂಗೈ ಬೆವರದೆ, ತಾನೇ ತಾನಾಗಿ ಮಾಡಿದ ತೀರ್ಮಾನವನ್ನು ಹೇಳಿಕೊಂಡರೆ ಹೆಂಡತಿಯ ಮನಸ್ಸು ಮುರಿಯುತ್ತದೆ. ಸುಳ್ಳಿಗೆ ಮಾಡಿದ ತೀರ್ಮಾನಕ್ಕೆ ಅವಳು ಅಪ್ಪಿಕೊಂಡು ನಿಂತಿದ್ದಾಳೆ. ಅಪ್ಪುಗೆ ಮಾತ್ರ ಸುಳ್ಳಾಗಿರಲಿಲ್ಲ. ಅದನ್ನು ಬಿಡಿಸಿಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ.

ಜೇಬಿನಲ್ಲಿ ಫೋನು ಗುಂಯ್ ಅಂದಿತು. ಅವಳ ಹೆಗಲ ಹಿಂದಿನಿಂದ ಮೆಲ್ಲಗೆ ತೆಗೆದು ನೋಡಿದ. ಲೇಡಿ ಮಾರಿಗೋಲ್ಡ್‌ನವರು ಹೃತ್ಪೂರ್ವಕ ಸ್ವಾಗತ ಕೋರಿದ್ದರು. ಪ್ರಶಾಂತವಾದ ಬಾಲ್ಕನಿ ನಿಮ್ಮಿಬ್ಬರಿಗಾಗಿ ಕಾದಿದೆ ಅಂತ ಬರೆದಿದ್ದರು.

"ಯಾರದು?"

"ಯಾರೋ. ತಪ್ಪು ನಂಬರ್."

ಬಾಗಿಲು ತಟ್ಟುವ ಮೊದಲೇ ತೆರೆದುಕೊಂಡಿತು. ಬರ್ನಿಸ್ ಒಳಗೆ ಬಂದಳು, ಬೆನ್ನಿಗೆ ಮೋರ್ಟ್, ಅವನ ಹಿಂದೆ ಹೊರಗಿನ ಕಾರಿಡಾರ್ ತುಂಬ ಜನ. ಎಲ್ಲರ ಮೈಮೇಲೆ ಒಂದೇ ಥರದ ಕಿತ್ತಳೆ ಬಣ್ಣದ ಅಂಗಿ. ಬರ್ನಿಸ್ ಮನೆಯಲ್ಲಿ ಅಂಗಿಗೆ ಅಚ್ಚು ಹಾಕುವ ಯಂತ್ರ ಇತ್ತು, ಪ್ರವಾಸ ಅಂದರೆ ಅದಕ್ಕೆ ಪುರಸೊತ್ತಿಲ್ಲ. ಎದೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ವೆಂಡೆಲ್ ಹೇಳಿದ, ನಾವು ಹೊರಟೆವು.

"ಹದಿನಾರು ದಾಟಿ ಇಪ್ಪತ್ತಾಯ್ತು, ಎಲ್ಲಾ ನಿನ್ನ ದಯೆ," ಅಂದಳು ಬರ್ನಿಸ್, ಒಂದು ಅಂಗಿಯನ್ನು ಅವನ ಎದೆಗೆ ಅಳತೆ ಹಿಡಿಯುತ್ತಾ. "ಉದ್ದದ ಮೇಜು ಹೇಳಿದೀನಿ, ಎಲ್ಲರೂ ಒಟ್ಟಿಗೆ. ರಾತ್ರಿ ಊಟಕ್ಕೆ ಮೊದಲ ಪಂಕ್ತೀನೋ ಎರಡನೇ ಪಂಕ್ತೀನೋ ಅಂತ ಕೇಳ್ತಿದಾರೆ. ಅರ್ಧ ಜನ ಅದು ಅಂತಾರೆ, ಅರ್ಧ ಜನ ಇದು ಅಂತಾರೆ."

ಕೊರಿನ್ ಗಂಡನ ತೋಳಿಗೆ ತೋಳು ಸೇರಿಸಿ ನೆಟ್ಟಗೆ ನಿಂತಳು. ನಲವತ್ತು ವರ್ಷದಲ್ಲಿ ಅವಳು ಅಷ್ಟು ನೆಟ್ಟಗೆ ನಿಂತಿದ್ದನ್ನು ವೆಂಡೆಲ್ ನೋಡಿರಲಿಲ್ಲ.

"ಅದಕ್ಯಾಕೆ ಜಗಳ?" ಅಂದಳು ಎಲ್ಲರಿಗೂ ಕೇಳುವ ಹಾಗೆ. "ವೆಂಡೆಲ್ ಹೇಳ್ತಾನೆ."

ಕಾರಿಡಾರಿನ ತುದಿಯವರೆಗೂ ಕತ್ತುಗಳು ಚಾಚಿದವು. ಎಲ್ಲರೂ ಅವನ ಕಡೆ ನೋಡಿದರು. ವೆಂಡೆಲ್ ಮೆಲ್ಲಗೆ ಅಂಗೈಯನ್ನು ಕಿತ್ತಳೆ ಅಂಗಿಗೆ ಒರೆಸಿಕೊಂಡ.